ಅಳಿವೆಯ ಗುರುತು

ಅಣ್ಣ ತೀರಿಕೊಂಡು ಮೂರು ತಿಂಗಳಾಗಿತ್ತು. ಒಂದು ಸಂಜೆ ನನ್ನ ಗಂಡ ಜಗಲಿಯ ತುದಿಯಲ್ಲಿ ಕೂತು, ನನ್ನ ಮುಖ ನೋಡದೆ, "ಅಳಿವೆ ಗುರುತು ನಿಂಗೆ ಬಾಯಿಪಾಠ ಅದೆ ಅಲ್ದಾ?" ಎಂದು ಕೇಳಿದರು. ನಾನು ಅಕ್ಕಿ ಆರಿಸುತ್ತಿದ್ದೆ. ಕೈ ಅಲ್ಲೇ ನಿಂತಿತು. ಅವರು ಯಾಕೆ ಕೇಳುತ್ತಿದ್ದಾರೆಂದು ಬೇರೆ ಹೇಳಬೇಕಾಗಿರಲಿಲ್ಲ.

ನಮ್ಮ ಮನೆ ಇರುವುದು ಹೊನ್ನಾವರದ ಎದುರು, ಶರಾವತಿ ಸಮುದ್ರ ಸೇರುವ ಕಡೆ, ತೆಂಕು ದಡದಲ್ಲಿ. ಹೊಳೆ ಸಮುದ್ರ ಸೇರುವ ಬಾಯಿಗೆ ಅಳಿವೆ ಎನ್ನುತ್ತೇವೆ. ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಬಗ್ಗಿ ನೋಡಿ, ಎಷ್ಟು ಅಗಲ, ಎಷ್ಟು ನೀರು ಎನ್ನುತ್ತಾರೆ. ಅಗಲ ನಿಜ, ಆಳ ಮಾತ್ರ ಎಲ್ಲ ಕಡೆ ಇಲ್ಲ. ಹೊಳೆ ಘಟ್ಟದಿಂದ ಮರಳು ತರುತ್ತದೆ. ಸಮುದ್ರ ಅದನ್ನು ಹೊರಗೆ ಬಿಡದೆ ತಿರುಗಿ ತಳ್ಳುತ್ತದೆ. ಎರಡರ ಜಗಳದಲ್ಲಿ ಮರಳು ನೀರಿನಡಿ ದಿಬ್ಬವಾಗಿ ಕೂರುತ್ತದೆ. ಆ ದಿಬ್ಬದಲ್ಲಿ ಎಲ್ಲೋ ಒಂದು ಕಡೆ ದೋಣಿ ದಾಟುವಷ್ಟು ಆಳ ಉಳಿದಿರುತ್ತದೆ. ಅದು ನಮ್ಮ ದಾರಿ. ದಾರಿ ತಪ್ಪಿದ ದೋಣಿಯ ಅಡಿ ಮರಳಿಗೆ ತಾಗುತ್ತದೆ, ತಾಗಿದ್ದು ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ್ದನ್ನು ಹಿಂದಿನಿಂದ ಬಂದ ತೆರೆ ಮಗುಚುತ್ತದೆ. ನಮ್ಮೂರಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. "ಅಳಿವೆಲಿ ಹೋದ" ಎಂದರೆ ಕೇಳಿದವರು ಸುಮ್ಮನಾಗುತ್ತಾರೆ.

ಅಣ್ಣ ಅಳಿವೆಯಲ್ಲಿ ಹೋದವನಲ್ಲ. ಮೂವತ್ತು ವರ್ಷ ಅದನ್ನು ದಿನಕ್ಕೆರಡು ಸಲ ದಾಟಿದವನು ಮೇ ತಿಂಗಳ ಒಂದು ಬೆಳಿಗ್ಗೆ ನೆಲದ ಮೇಲೆ ಕೂತು ಬಲೆ ಸರಿಮಾಡುತ್ತಾ ಎದೆ ಒತ್ತಿಕೊಂಡು ಒರಗಿದ. ಕುಮಟಾದ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಕಾರಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಊರು ಮುಟ್ಟುವ ಮೊದಲೇ ಮುಗಿಯಿತು. ನನಗೆ ಅದು ಗೊತ್ತಾಗಲಿಲ್ಲ. ಬಿಸಿಲು ಬೀಳದಿರಲೆಂದು ಅವನ ಮುಖಕ್ಕೆ ಸೆರಗು ಹಿಡಿದುಕೊಂಡೇ ಇದ್ದೆ.

ಅವನಿಗೆ ಒಂದು ಕೆಲಸ ಇತ್ತು. ಯಾರೂ ಕೊಟ್ಟ ಕೆಲಸವಲ್ಲ. ಮಳೆಗಾಲದ ನೆರೆ ಇಳಿದ ಮೇಲೆ ಅವನು ನೀರು ಇಳಿಯುವ ಹೊತ್ತು ನೋಡಿ, ಉದ್ದನೆಯ ಬಿದಿರಿನ ಗಳ ಹಿಡಿದು ಸಣ್ಣ ದೋಣಿಯಲ್ಲಿ ಅಳಿವೆಗೆ ಹೋಗುತ್ತಿದ್ದ. ಗಳ ಊರುತ್ತಾ ಊರುತ್ತಾ ಆ ವರ್ಷದ ದಾರಿ ಹುಡುಕುತ್ತಿದ್ದ. ಸಿಕ್ಕಿದ ಮೇಲೆ ದಡದ ಕಡೆ ತಿರುಗಿ ಎರಡು ಗುರುತು ಹಿಡಿಯುತ್ತಿದ್ದ, ಒಂದು ಹತ್ತಿರದ್ದು, ಒಂದು ದೂರದ್ದು. ಒಂದರ ಮೇಲೊಂದು ನೆಟ್ಟಗೆ ಕಂಡರೆ ದೋಣಿ ದಾರಿಯಲ್ಲಿದೆ ಎಂದು ಲೆಕ್ಕ. ಹತ್ತಿರದ ಗುರುತು ಐಸ್ ಫ್ಯಾಕ್ಟರಿಯ ನೀರಿನ ಟಾಂಕಿ. ದೂರದ್ದು ಅಪ್ಸರಕೊಂಡದ ಕಡೆಯ ಗುಡ್ಡದಲ್ಲಿ ಮಣ್ಣು ಜರಿದು ಬಿದ್ದ ಕೆಂಪು ಕಲೆ. ಉಳಿದ ಸಣ್ಣ ದೋಣಿಗಳವರು ಅವನ ಬೆನ್ನು ನೋಡಿ ದಾಟುತ್ತಿದ್ದರು. ಗುರುತು ಯಾವುದೆಂದು ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ನನಗೆ ಮಾತ್ರ ಗೊತ್ತಿತ್ತು. ದಡದಿಂದ ಅವನ ಮನೆಗೆ ಹೋಗುವ ದಾರಿಯಲ್ಲಿ ನನ್ನ ಮನೆ. ದಿನಾ ಚಹಾಕ್ಕೆ ನಿಲ್ಲುತ್ತಿದ್ದ. ಚಹಾ ಆರುವವರೆಗೆ ಅಂದಿನ ಅಳಿವೆಯ ಸುದ್ದಿ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದ. "ಟಾಂಕಿ ತಲೆ ಮೇಲೆ ಕೆಂಪು ಕೂರಿಸ್ಬೇಕು. ಕೆಂಪು ಬಡಗಿಗೆ ಸರಿತಾ, ನೀ ಬಡಗಿಗೆ ಹೋದೆ. ತೆಂಕಿಗೆ ಸರಿತಾ, ತೆಂಕಿಗೆ ಹೋದೆ. ಮೂರು ದೊಡ್ಡ ತೆರೆ ಬಿಡು, ಮತ್ತೆ ನುಗ್ಗು." ತೆಂಕು ಎಂದರೆ ನಮಗೆ ದಕ್ಷಿಣ, ಬಡಗು ಎಂದರೆ ಉತ್ತರ. ಕಡೆಯ ಮೂರು ವರ್ಷ ದಾರಿ ಕದಲದೆ ಅದೇ ಗುರುತು ನಡೆದಿತ್ತು. ಮಗ್ಗಿಯ ಹಾಗೆ ನನ್ನ ತಲೆಯಲ್ಲಿ ಕೂತಿತ್ತು. ಅವನ ಹದಿಮೂರನೇ ದಿನದ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ, ನಾನು ಅಡುಗೆ ಸಹಾಯಕಿಯಾಗಿರುವ ಅಂಗನವಾಡಿಯ ಹಳೆ ಪುಸ್ತಕವೊಂದರ ಹಿಂದಿನ ಪುಟದಲ್ಲಿ ಅಷ್ಟನ್ನೂ ಅವನು ಹೇಳಿದ ಹಾಗೇ ಬರೆದಿಟ್ಟೆ. ಆಗ ಅದು ಯಾರಿಗಾದರೂ ಬೇಕಾಗುತ್ತದೆ ಎಂದುಕೊಂಡಿರಲಿಲ್ಲ. ಅವನ ಮಾತು ಎಲ್ಲಾದರೂ ಒಂದು ಕಡೆ ಇರಲಿ ಅಂತ.

ನನ್ನ ಗಂಡ ಹದಿನೆಂಟು ವರ್ಷ ಅಣ್ಣನ ದೋಣಿಯಲ್ಲೇ ದುಡಿದವರು. ಬಲೆ ಬಿಡುವುದು, ಎಳೆಯುವುದು, ಎಂಜಿನ್ ರಿಪೇರಿ ಎಲ್ಲ ಬರುತ್ತದೆ. ಆದರೆ ಹಿಂದೆ ಕೂತು ದೋಣಿ ನಡೆಸುತ್ತಿದ್ದವನು ಅಣ್ಣ. ಅಳಿವೆ ದಾಟುವಾಗ ಇವರು ತಲೆ ತಗ್ಗಿಸಿ ಬಲೆಯಿಂದ ಮೀನು ಬಿಡಿಸುತ್ತಿದ್ದರು. ಹದಿನೆಂಟು ವರ್ಷದಲ್ಲಿ ಒಂದು ದಿನವೂ ತಲೆಯೆತ್ತಿ ಗುಡ್ಡ ನೋಡುವ ಅಗತ್ಯ ಬಿದ್ದಿರಲಿಲ್ಲ.

"ಗಳ ಹಾಕದೇ ಯಾರೂ ಹೋಗ್ಬೇಡಿ ಅಂತ ತಾಂಡೇಲ ಅಜ್ಜ ಹೇಳಿದ್ರಲ್ಲ" ಎಂದೆ. ತಾಂಡೇಲ ಎಂದರೆ ದೋಣಿ ನಡೆಸುವವನು. ಈ ಅಜ್ಜ ಒಂದು ಕಾಲದಲ್ಲಿ ಅಣ್ಣನಿಗೆ ಗಳ ಹಿಡಿಯಲು ಕಲಿಸಿದವರು. ಈಗ ಕಣ್ಣಿಗೆ ಪೊರೆ ಬಂದು ಮಾರು ದೂರದ್ದೂ ಮಸುಕು.

"ಅಜ್ಜಂಗೆ ಎಂತ, ಮುಂದಿನ ಮಳೆಗಾಲದ ವರೆಗೂ ಕಾಯಿ ಅಂತ್ರು. ಆಗಸ್ಟ್ ಅರ್ಧ ಆತು. ಬೇರೆಯವ್ರೆಲ್ಲ ದೊಡ್ಡ ಬೋಟಿನ ಬೆನ್ನು ಹಿಡ್ಕಂಡು ಹೋಗ್ತಿದ್ರು. ನಾನೂ ಅವ್ರ ಬೆನ್ನು ಹಿಡ್ಕಂಡು ಹೋದ್ರೆ ನಿನ್ನ ಅಣ್ಣ ಎಂತ ಹೇಳ್ತಿದ್ದ?"

ದೋಣಿ ಈಗ ಅತ್ತಿಗೆಯದು. ಅಣ್ಣನ ಹೆಂಡತಿ. ಅವಳನ್ನು ಕೇಳಲು ಹೋದೆವು. ಅವಳು ಬೇಡ ಎನ್ನಲಿಲ್ಲ. ನನ್ನನ್ನು ನೋಡಿ, "ನಿಮ್ಮಣ್ಣ ನಂಗೆ ಕಪಾಟಿನ ಕೀಲಿಕೈ ಎಲ್ಲಿಟ್ಟಿದ್ದೆ ಅಂತ ಹೇಳ್ಲಿಲ್ಲ. ಇನ್ನೂ ಹುಡುಕ್ತೇ ಇದ್ದೆ. ನಿಂಗೆ ನೋಡಿದ್ರೆ ಸಮುದ್ರದ ಬಾಗಿಲೇ ಹೇಳಿ ಹೋಗಿದ್ದಾನೆ!" ಎಂದಳು. ಮೂರು ತಿಂಗಳಲ್ಲಿ ಮೊದಲ ಸಲ ಮೂವರೂ ನಕ್ಕೆವು. ಆ ನಗುವಿನ ಬೆನ್ನಿಗೇ ನಾನು ಗುರುತು ಹೇಳಿಕೊಟ್ಟೆ. ಗಂಡ ಒಂದೊಂದೇ ಮಾತು ತಿರುಗಿ ಹೇಳಿದರು. ಹೇಳುವಾಗ ಅಣ್ಣ ಚಹಾ ಆರಿಸಿಕೊಳ್ಳುತ್ತಾ ಎದುರು ಕೂತ ಹಾಗಿತ್ತು. ನನಗೆ ಖುಷಿಯಾಗಿತ್ತು. ಬಚ್ಚಿಡುವುದಿಲ್ಲ, ಆಗಿತ್ತು.

ಆ ವರ್ಷ ಘಟ್ಟದ ಮೇಲೆ ಮಳೆ ಹೆಚ್ಚಾಗಿ ಅಣೆಕಟ್ಟಿನ ಬಾಗಿಲು ಎರಡು ಸಲ ತೆರೆದಿದ್ದರು. ನಮ್ಮ ಮನೆಯ ಹಿಂದೆ ಹೊಳೆ ವಾರವಿಡೀ ಚಹಾದ ಬಣ್ಣದಲ್ಲಿ ಹರಿದಿತ್ತು. ಅದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಹೇಳಿಕೊಟ್ಟೆ.

ಮರುದಿನ ಅವರು ಇನ್ನಿಬ್ಬರನ್ನು ಕರೆದುಕೊಂಡು ಬೆಳಕು ಹರಿಯುವಾಗ ಹೋದರು. ಆಗ ನೀರು ಏರಿತ್ತು, ಹೋದದ್ದು ಸಲೀಸಾಯಿತು. ಬರುವಾಗ ಹನ್ನೊಂದು ಗಂಟೆ, ಪೂರ್ತಿ ಇಳಿತ. ಅಂಗನವಾಡಿಯ ಹಿಂಬದಿಯಿಂದ ಅಳಿವೆ ಕಾಣುತ್ತದೆ. ಮಕ್ಕಳಿಗೆ ಅನ್ನ ಬಡಿಸುವುದನ್ನು ಟೀಚರಿಗೆ ಬಿಟ್ಟು ಸೌಟು ಹಿಡಿದುಕೊಂಡೇ ಹಿಂದೆ ಬಂದು ನಿಂತೆ. ದೋಣಿ ಹೊರಗೆ ನಿಂತು ಮೂರು ತೆರೆ ಬಿಟ್ಟಿತು. ಆಮೇಲೆ ನುಗ್ಗಿತು. ಅಣ್ಣ ಬರುತ್ತಿದ್ದ ಜಾಗಕ್ಕಿಂತ ಬಡಗಿಗೆ ಬರುತ್ತಿದೆ ಅನಿಸಿತು. ನಾನು ನಿಂತ ಜಾಗದಿಂದ ಹಾಗೆ ಕಾಣುವುದೇನೋ ಎಂದುಕೊಂಡೆ. ಅಷ್ಟರಲ್ಲಿ ಎಂಜಿನ್ನಿನ ಸದ್ದು ಬದಲಾಯಿತು. ಕಿರುಚಿದ ಹಾಗಾಗಿ ನಿಂತಿತು.

ದೋಣಿ ನಿಂತಲ್ಲೇ ನಿಂತಿತು. ಹಿಂದಿನ ಭಾಗ ನಿಧಾನಕ್ಕೆ ತಿರುಗತೊಡಗಿತು. ಒಂದು ತೆರೆ ಅದರ ಮೇಲೆ ಹಾದು ಬಿಳಿಯಾಗಿ ಒಡೆಯಿತು. ಮೂರು ತಲೆಗಳಿದ್ದವು, ಎರಡಾದವು, ಮತ್ತೆ ಮೂರಾದವು. ಭಾರ ಇಳಿಸಲು ಅವರು ಬಲೆಯನ್ನು ನೀರಿಗೆ ನೂಕುವುದು ಕಂಡಿತು. ಮುಂದಿನ ತೆರೆ ದೋಣಿಯನ್ನು ಎತ್ತಿ ಬಡಗಿಗೆ ಒಗೆಯಿತು. ಮಗುಚುತ್ತದೆ ಎಂದು ಕಣ್ಣು ಮುಚ್ಚಿದೆ. ತೆರೆದಾಗ ಅದು ತೇಲುತ್ತಿತ್ತು. ಒಬ್ಬರು ಹಲಗೆಯಿಂದ ಹುಟ್ಟು ಹಾಕುತ್ತಿದ್ದರು. ಅಂಗನವಾಡಿಯ ಒಳಗಿನಿಂದ ಮಕ್ಕಳು ಸಾರು ಸಾರು ಎಂದು ಕೂಗುತ್ತಿದ್ದವು.

ದಡಕ್ಕೆ ಬಂದವರಲ್ಲಿ ಒಬ್ಬ ನನ್ನನ್ನು ನೋಡಿ, "ಅಕ್ಕ, ನಿಮ್ಮ ಗುರುತು ಬಾರೀ ಚಲೋ ಅದೆ. ದಿಬ್ಬ ಎಲ್ಲದೆ ಅಂತ ಸರಿಯಾಗಿ ತೋರಿಸ್ತು" ಎಂದ. ನನ್ನ ಗಂಡ ಪಕ್ಕೆ ಹಿಡಿದುಕೊಂಡು ಮರಳ ಮೇಲೆ ಕೂತಿದ್ದರು. "ಟಾಂಕಿ ಮೇಲೆ ಕೆಂಪು ಕೂರಿಸಿದ್ದೆ. ದೇವ್ರಾಣೆ ಕೂರಿಸಿದ್ದೆ" ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಪಕ್ಕೆ ನೋವು ಹೆಚ್ಚಾಯಿತು. ಮರುದಿನ ಭಟ್ಕಳದ ಎಲುಬಿನ ಡಾಕ್ಟರ ಹತ್ತಿರ ಹೊರಟೆವು. ಹೆದ್ದಾರಿ ಅಗಲ ಮಾಡಲು ಗುಡ್ಡಗಳನ್ನು ನೆಟ್ಟಗೆ ಕಡಿದ ಮೇಲೆ ಮಳೆಗಾಲದಲ್ಲಿ ಬಸ್ಸು ಅವುಗಳ ಬುಡದಲ್ಲಿ ಹೋಗುವಾಗ ಒಳಗೆ ಮಾತು ನಿಂತುಹೋಗುತ್ತದೆ. ಅಪ್ಸರಕೊಂಡದ ಹತ್ತಿರ ಒಂದು ಕಡೆ ರಸ್ತೆಗೆ ಮಣ್ಣು ಬಂದಿತ್ತು. ಯಂತ್ರ ಅದನ್ನು ಎತ್ತುವವರೆಗೆ ಬಸ್ಸು ನಿಂತಿತು. ನಾನು ಕಿಟಕಿಯಿಂದ ಬಗ್ಗಿ ಮೇಲೆ ನೋಡಿದೆ.

"ಅಕ್ಕೋರೇ, ಗುಡ್ಡ ನೋಡ್ಬೇಡಿ" ಎಂದ ಕಂಡಕ್ಟರ್. "ನೋಡಿದ್ರೆ ಅದಕ್ಕೂ ನಮ್ಮನ್ನ ನೋಡ್ಬೇಕು ಅನಿಸ್ತದೆ."

ಹಿಂದಿನ ಸೀಟಿನವರು ನಕ್ಕರು. ನನಗೆ ನಗು ಬರಲಿಲ್ಲ. ಗುಡ್ಡದ ಮೈಯಲ್ಲಿ ಕೆಂಪು ಕಲೆ ಇತ್ತು, ಹಸಿ ಗಾಯದ ಹಾಗೆ, ಇನ್ನೂ ನೀರು ಸೋರುತ್ತಾ. ಬೇರು ಮೇಲಾದ ಒಂದು ಗೇರು ಮರ ಅದರ ನಡುವೆ ನೇತಾಡುತ್ತಿತ್ತು. ಅದು ಈ ವರ್ಷ ಜರಿದದ್ದು. ಅದರ ಬಡಗಿಗೆ ಇನ್ನೊಂದು ತಗ್ಗಿತ್ತು. ಅದರ ತುಂಬ ಹುಲ್ಲು, ಜರಿಗಿಡ. ಸುತ್ತಲಿನ ಹಸಿರಿಗಿಂತ ಸ್ವಲ್ಪ ತೆಳು ಹಸಿರು, ಅಷ್ಟೇ. ಅಣ್ಣನ ಕೆಂಪು ಅದಾಗಿತ್ತು. ಒಂದೇ ಮಳೆಗಾಲದಲ್ಲಿ ಮುಚ್ಚಿಹೋಗಿತ್ತು.

ನನ್ನ ಗಂಡ ಟಾಂಕಿಯ ಮೇಲೆ ಕೂರಿಸಿದ್ದು ಹೊಸ ಕೆಂಪನ್ನು. ಅವರಿಗೆ ಬೇರೆ ಕೆಂಪು ಕಾಣಲು ಸಾಧ್ಯವೇ ಇರಲಿಲ್ಲ. ಹೊಸ ಕಲೆ ತೆಂಕಿಗಿದ್ದುದರಿಂದ, ಅದನ್ನು ಟಾಂಕಿಯ ಮೇಲೆ ತರಲು ಹೋಗಿ ದೋಣಿ ಬಡಗಿಗೆ ಸರಿದಿತ್ತು. ನಾನು ಅಂದು ದಡದಲ್ಲಿ ನಿಂತು ಒಮ್ಮೆ ಗುಡ್ಡದ ಕಡೆ ತಿರುಗಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಅಣ್ಣನ ಮಾತು ನೆನಪಿದೆ ಎಂಬ ಹೆಮ್ಮೆಯಲ್ಲಿ ಗುಡ್ಡ ಇದೆಯೋ ಇಲ್ಲವೋ ನೋಡದೆ ಮೂವರನ್ನು ಕಳಿಸಿದ್ದೆ.

ಅದನ್ನು ಬಸ್ಸಿನಲ್ಲಿ ಹೇಳಲಾಗಲಿಲ್ಲ. ಪಕ್ಕೆಯಲ್ಲಿ ಸಣ್ಣ ಬಿರುಕು, ಮೂರು ವಾರ ಭಾರ ಎತ್ತಬೇಡಿ ಎಂದರು ಡಾಕ್ಟರು. ಅಲ್ಲಿಂದ ಬೆಳಕೆಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋದೆವು. ನಮ್ಮ ಅಮ್ಮ ಹುಟ್ಟಿದ ಊರು ಅದು. ಚಿಕ್ಕಮ್ಮ ಚಹಾ ಕೊಟ್ಟು ನನ್ನನ್ನು ಮನೆಯೆದುರಿನ ಕಲ್ಲಿನ ತಡೆಗೋಡೆಯ ಹತ್ತಿರ ಕರೆದೊಯ್ದಳು. ಗೋಡೆಯಾಚೆ ನೀರಿನಲ್ಲಿ ಒಂದು ಕಡೆ ಕೈ ತೋರಿಸಿ, "ಅಲ್ಲಿ ನಿನ್ನ ಅಮ್ಮ, ನಾನು ಕುಂಟಾಬಿಲ್ಲೆ ಆಡ್ತಿದ್ದದ್ದು. ಅದ್ರ ಆಚೆ ಎರಡು ಸಾಲು ತೆಂಗಿನ ಮರ ಇತ್ತು" ಎಂದಳು.

"ಎಲ್ಲ ಸಮುದ್ರ ತಗಂತು" ಎಂದೆ.

"ಎಂತ ತಗಂತು! ಇಲ್ಲಿಂದ ತಗಂಡು ಇನ್ಯಾರ್ದೋ ಮನೆ ಎದುರಿಗೆ ಹಾಕ್ತು. ಅದಕ್ಕೆ ಇಟ್ಕಂಬ್ಲಿಕ್ಕೆ ಮನೆ ಎಲ್ಲದೆ?" ಅವಳು ಹೇಳಿದ ರೀತಿ ಪಕ್ಕದ ಮನೆಯ ಚಾಡಿಕೋರ ಹೆಂಗಸನ್ನು ಬೈದ ಹಾಗಿತ್ತು. "ನೀ ಎಂತಕ್ಕೆ ಮುಖ ಹಾಗೆ ಮಾಡ್ಕಂಡಿದ್ದೆ? ಗಂಡ ಬದುಕಿ ಬಂದಾನಲ್ಲ."

ಅದೇ ನನ್ನ ಕಷ್ಟವಾಗಿತ್ತು. ಬದುಕಿ ಬಂದವರು ಮೂರು ವಾರದ ಮೇಲೆ ಮತ್ತೆ ಹೋಗುತ್ತಾರೆ. ಯಾವ ಗುರುತು ನೋಡಿ ಹೋಗುತ್ತಾರೆ? ಮನೆಗೆ ಬಂದ ರಾತ್ರಿಯೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಅವರಿಗೆ ಎಣ್ಣೆ ಹಚ್ಚುತ್ತಾ ಹೇಳಿಬಿಟ್ಟೆ. ಕೆಂಪು ಎರಡಿವೆ, ನಾನು ಹೇಳಿದ್ದು ಹಳೆಯದು, ಅದೀಗ ಕಾಣುವುದಿಲ್ಲ ಎಂದೆ. ಅವರು ಎದ್ದು ಕೂತು ಅಂಗಿ ಹಾಕಿಕೊಂಡರು. ಆಮೇಲೆ, "ಹಂಗಾರೆ ಹಳೇದು ಎಲ್ಲದೆ ಅಂತ ತೋರ್ಸು. ಅದನ್ನೇ ಹಿಡಿದ್ರಾತು" ಎಂದರು.

ತೋರಿಸುವುದು ಕಷ್ಟವಿರಲಿಲ್ಲ. ಟಾಂಕಿ ಇತ್ತು, ತೆಳು ಹಸಿರು ಇತ್ತು, ಅಣ್ಣನ ಮಾತು ಪುಸ್ತಕದಲ್ಲಿತ್ತು. ಆದರೆ ಎರಡನೇ ಸಲ ಹಾಗೇ ಹೇಳಿ ಕಳಿಸುವ ಧೈರ್ಯ ಇರಲಿಲ್ಲ. ಸಂಜೆ ತಾಂಡೇಲ ಅಜ್ಜನ ಮನೆಗೆ ಹೋಗಿ ಎಲ್ಲ ಹೇಳಿದೆ.

ಅಜ್ಜ ಬೈಯಲಿಲ್ಲ. "ನನ್ನ ಕೈ ಅದೆ, ಕಣ್ಣಿಲ್ಲ. ನಿಂಗೆ ಕಣ್ಣದೆ. ನಾಳೆ ಇಳಿತಕ್ಕೆ ಬಾ" ಎಂದರು.

"ನಾನಾ? ದೋಣಿ ಮೇಲಾ?"

"ಮತ್ತೆ? ದಡದಲ್ಲಿ ನಿಂತು ಫೋನ್ ಮಾಡ್ತ್ಯಾ?"

ನಮ್ಮಲ್ಲಿ ಹೆಂಗಸರು ಮೀನು ಮಾರುತ್ತಾರೆ, ಒಣಗಿಸುತ್ತಾರೆ, ದೋಣಿ ಹತ್ತುವುದು ಕಡಿಮೆ. ಮರುದಿನ ದಡದಲ್ಲಿ ಬಲೆ ನೇಯುತ್ತಿದ್ದವರು ತಲೆಯೆತ್ತಿ ನೋಡಿದರು. ಒಬ್ಬರು, "ಅಜ್ಜ, ಹೊಸ ತಾಂಡೇಲನ್ನ ತಂದ್ರಿ!" ಎಂದರು. ಅಜ್ಜ, "ನಿಮ್ಮಂತ ಹತ್ತು ಜನಕ್ಕಿಂತ ಒಂದು ಕಣ್ಣು ಹೆಚ್ಚದೆ" ಎಂದು ಗಳ ಎತ್ತಿಕೊಂಡರು. ಪಕ್ಕೆಗೆ ಬಟ್ಟೆ ಕಟ್ಟಿಕೊಂಡ ನನ್ನ ಗಂಡ ಬೇಡವೆಂದರೂ ಕೇಳದೆ ಎಂಜಿನ್ ಹತ್ತಿರ ಕೂತರು.

ಮೊದಲು ಅಣ್ಣನ ದಾರಿಗೆ ಹೋದೆವು. ಟಾಂಕಿಯ ತಲೆಯ ಮೇಲೆ ಆ ತೆಳು ಹಸಿರು ಬಂದು ಕೂತ ಕೂಡಲೇ "ಇಲ್ಲಿ" ಎಂದೆ. ಅಜ್ಜ ಗಳ ಊರಿದರು. ಅದು ಕಿರ್ರೆಂದು ನಿಂತಿತು. ನೀರಿನಿಂದ ಎತ್ತಿದಾಗ ಒದ್ದೆ ಅವರ ಸೊಂಟದ ಮಟ್ಟದವರೆಗೆ ಮಾತ್ರ ಇತ್ತು. ಇನ್ನೂ ನಾಲ್ಕು ಮಾರು ಮುಂದೆ ಊರಿದರು. ಮೊಣಕಾಲಿನಷ್ಟು. ಅಣ್ಣ ಮೂರು ವರ್ಷ ದಾಟಿದ ದಾರಿಯಲ್ಲಿ ನಿಂತು ಬಟ್ಟೆ ಒಗೆಯಬಹುದಿತ್ತು. ಸ್ವಲ್ಪ ಮುಂದೆ, ತೆರೆಗಳೆಲ್ಲ ಅಲ್ಲೇ ಬಂದು ಒಡೆಯುತ್ತಿದ್ದವು.

ಅಜ್ಜ ಗಳದ ತುದಿಯ ಮರಳನ್ನು ಬೆರಳಿನಲ್ಲಿ ಉಜ್ಜಿ ನೋಡಿದರು. "ಹೊಸ ಮರಳು. ಹೊಳೆದು. ದಾರಿ ಬಡಗಿಗೆ ಓಡಿ ಹೋತು" ಎಂದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ನೀ ಅವತ್ತು ಹಳೇ ಕೆಂಪು ಹಿಡಿದಿದ್ರೆ ಇಲ್ಲಿಗೇ ಬರ್ತಿದ್ದೆ. ಇದ್ರ ನಡು ಬೆನ್ನಿಗೆ. ಹೊಸ ಕೆಂಪು ಹಿಡಿದಿದ್ದಕ್ಕೆ ದಿಬ್ಬದ ಅಂಚು ಸವರಿ ಹೋತು" ಎಂದರು.

ನಾನು ಕೇಳಿದೆ, "ಇಲ್ಲಿಗೆ ಬಂದಿದ್ರೆ ಎಂತ ಆಗ್ತಿತ್ತು ಅಜ್ಜ?"

"ಹೇಳೂಕಾಗುದಿಲ್ಲ" ಎಂದರು. ಗಳ ಒಳಗೆಳೆದುಕೊಂಡು, "ಎಂತಕ್ಕೆ ಕೇಳ್ತೆ?" ಎಂದರು.

ನನಗೆ ಅಲ್ಲಿ, ಅಲುಗಾಡುವ ದೋಣಿಯಲ್ಲಿ, ಒಂದು ಹಳೆಯ ಚಹಾದ ಹೊತ್ತು ನೆನಪಾಯಿತು. ಟಾಂಕಿ, ಕೆಂಪು ಬರುವ ಮೊದಲು ಅಣ್ಣ ಬೇರೆ ಯಾವುದೋ ಗುರುತು ಹೇಳುತ್ತಿದ್ದ. ಒಂದು ದಿನ ಅದು ಯಾವುದಿತ್ತು ಎಂದು ಕೇಳಿದ್ದೆ. "ಅದು ಹೋತಲ್ಲ ಮಾರಾಯ್ತಿ, ಎಂತಕ್ಕೆ ನೆನಪಿಡುದು" ಎಂದು ಲೋಟ ಕೆಳಗಿಟ್ಟು ಎದ್ದಿದ್ದ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಬರೆದಿಟ್ಟದ್ದು ನಾನು. ಅವನು ಸತ್ತ ಮೇಲೆ, ನೆರೆ ದಾರಿ ಬದಲಿಸಿದ ಕೂಡಲೇ ಅವನು ಬಿಟ್ಟುಬಿಡುತ್ತಿದ್ದ ಮಾತನ್ನು ನಾನು ಹಿಡಿದುಕೊಂಡಿದ್ದೆ. ನಾನು ಹಳೇ ಕೆಂಪನ್ನೇ ತೋರಿಸಿ, ತಪ್ಪದೆ, ಸರಿಯಾಗಿ, ಅವನು ಹೇಳಿದ ಹಾಗೇ ಹೇಳಿಕೊಟ್ಟಿದ್ದರೆ ಈ ಮೊಣಕಾಲು ನೀರಿನಲ್ಲಿ ಮೂವರು ಹೋಗುತ್ತಿದ್ದರು. ಹಾಗೆಂದು ನನ್ನ ತಪ್ಪಿಗೆ ಸಮಾಧಾನ ಪಟ್ಟುಕೊಳ್ಳುವ ಹಾಗೂ ಇರಲಿಲ್ಲ. ಆ ದಿನ ದುಃಖ ಬಂದದ್ದು ಬೇರೆ ರೀತಿ. ಅಣ್ಣ ಇನ್ನೊಂದು ಸಲ ಹೋದ ಹಾಗೆ.

"ಅತ್ರೆ ಗುರುತು ಕಾಣುದಿಲ್ಲ" ಎಂದರು ಅಜ್ಜ. ಕಣ್ಣೊರೆಸಿಕೊಂಡೆ.

ಎರಡು ತಾಸು ಊರಿದೆವು. ನನ್ನ ಗಂಡ ದೋಣಿಯನ್ನು ತುಸು ತುಸು ಬಡಗಿಗೆ ಸರಿಸಿದರು. ಗಳ ಕಿರ್ರೆನ್ನುವುದು ನಿಂತು ಮೆತ್ತಗಾಯಿತು. ಆಮೇಲೆ ಅಜ್ಜನ ಮುಷ್ಟಿ ನೀರಿಗೆ ತಾಗಿದರೂ ತುದಿ ಎಲ್ಲೂ ನಿಲ್ಲಲಿಲ್ಲ. "ಇದೇ. ದಡ ನೋಡು. ಎಂತ ಕಾಣ್ತದೆ?"

ಟಾಂಕಿಯ ಬಡಗಿಗೆ ಮೊಬೈಲ್ ಟವರ್ ಇತ್ತು. ಅದರ ಹಿಂದೆ ಗುಡ್ಡದ ಸಾಲು ಬಗ್ಗಿ ಏಳುವ ಕಡೆ ಒಂದು ಸಣ್ಣ ಕೊರಕಲು. ನಾನು ಕೆಂಪು ಮಣ್ಣಿನ ಕಡೆ ನೋಡಲೇ ಇಲ್ಲ. ಟವರಿನ ತುದಿ ಕೊರಕಲಿನಲ್ಲಿ ಕೂತಿದೆ ಎಂದೆ.

"ಗುಡ್ಡ ಜರಿಯುದಿಲ್ಲ ಅಲ್ದಾ ಅಲ್ಲಿ?" ಎಂದು ನನ್ನ ಗಂಡ ಕೇಳಿದರು.

"ಜರಿಯುದಿಲ್ಲ ಅಂತ ಯಾರು ಬರ್ಕೊಡ್ತ್ರು?" ಎಂದರು ಅಜ್ಜ. "ದಿನಾ ನೋಡ್ಬೇಕು. ನೆರೆ ಬಂದು ಹೋದ್ ಕೂಡ್ಲೆ ಮತ್ತೆ ಗಳ ಹಾಕ್ಬೇಕು. ಅಷ್ಟೇ ಆತು."

ಪುಸ್ತಕದಲ್ಲಿ ನಾನು ಹೊಸ ಗುರುತು ಬರೆಯಲಿಲ್ಲ. ಅಣ್ಣನದನ್ನು ಹರಿಯಲೂ ಇಲ್ಲ. ಅದು ಅಲ್ಲೇ ಇದೆ, ಯಾರಿಗೂ ಹೇಳಬಾರದ ಮಾತಾಗಿ.

ಸೆಪ್ಟೆಂಬರಿನಲ್ಲಿ ಪಕ್ಕೆ ವಾಸಿಯಾಗಿ ಅವರು ಮತ್ತೆ ಸಮುದ್ರಕ್ಕೆ ಹೋದರು. ಹಿಂದಿನ ದಿನ ಘಟ್ಟದಲ್ಲಿ ಒಂದು ದೊಡ್ಡ ಮಳೆ ಬಿದ್ದಿತ್ತೆಂದು ಯಾರೋ ಹೇಳಿದ್ದು ಅವರು ಹೋದ ಮೇಲೆ ನನ್ನ ಕಿವಿಗೆ ಬಿತ್ತು. ಹೊಳೆಯ ನೀರು ತುಸು ಕೆಂಪಾಗಿತ್ತೋ, ನನಗೆ ಹಾಗೆ ಕಂಡಿತೋ ತಿಳಿಯಲಿಲ್ಲ. ರಜೆ ಹಾಕಿ ದಡಕ್ಕೆ ಬಂದೆ. ಇಳಿತದ ಹೊತ್ತಿಗೆ ದೋಣಿ ಅಳಿವೆಯ ಹೊರಗೆ ಬಂದು ನಿಂತಿತು. ಮೊದಲ ತೆರೆ, ಎರಡನೆಯದು. ಅದನ್ನೇ ನೋಡುತ್ತಾ ನಿಲ್ಲಲು ನನ್ನಿಂದಾಗಲಿಲ್ಲ. ಕಣ್ಣು ಮುಚ್ಚಲೂ ಮನಸ್ಸಾಗಲಿಲ್ಲ. ಸಮುದ್ರಕ್ಕೆ ಬೆನ್ನು ಹಾಕಿ ತಿರುಗಿದೆ. ಅಲ್ಲಿಂದ ಅವರು ನೋಡುತ್ತಿರುವುದನ್ನೇ ನೋಡಿದೆ. ಗುಡ್ಡ ಇತ್ತು. ಕೊರಕಲು ಇತ್ತು. ಅದರ ಅಂಚು ಎಲ್ಲೂ ಕೆಂಪಾಗಿಲ್ಲ ಎಂದು ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ನೋಡಿದೆ, ಮತ್ತೆ ಮೊದಲಿನಿಂದ ನೋಡಿದೆ. ಹಿಂದೆ ಮೂರನೇ ತೆರೆ ಒಡೆದ ಸದ್ದು ಬಂತು. ಎಂಜಿನ್ನಿನ ಸದ್ದು ಏರಿತು. ಅದು ಒಂದೇ ಸಮ ಹತ್ತಿರವಾಗುತ್ತಾ ಬರುವವರೆಗೂ ನಾನು ಗುಡ್ಡದ ಮೇಲಿಂದ ಕಣ್ಣು ತೆಗೆಯಲಿಲ್ಲ.